ಹೊಲದ ಸವಳು, ಮೂತ್ರಪಿಂಡದ ಹರಳು

ನವಲಗುಂದದ ಸೀಮೆಯಲ್ಲಿ ಮಲಪ್ರಭೆಯ ಕಾಲುವೆಯ ನೀರುಂಡ ಎರೆಹೊಲಗಳ ಪೈಕಿ ಕೆಲವು ಬೇಸಿಗೆಯಲ್ಲಿ ಬೂದಿ ಎರಚಿದಂತೆ ಬೆಳ್ಳಗಾಗುವುದನ್ನು ಅಲ್ಲಿಯ ವಿದ್ಯಾರ್ಥಿಗಳು ಕಂಡೇ ಇರುವರು. ಅದೇ ಸವಳು. ಎರೆಮಣ್ಣಿನಲ್ಲಿ ನೀರು ಬೇಗನೆ ಬಸಿದು ಹೋಗದು. ನೆಲದೊಳಗಿನ ಲವಣಗಳನ್ನು ಕರಗಿಸಿಕೊಂಡು ಅದು ಮೇಲಕ್ಕೇರುತ್ತದೆ. ಬಿಸಿಲಿಗೆ ನೀರು ಆವಿಯಾಗುವುದು, ಲವಣವು ಆವಿಯಾಗಲಾರದು. ಇಂತಿಷ್ಟು ನೀರಿನಲ್ಲಿ ಇಂತಿಷ್ಟೇ ಲವಣ ಕರಗಬಲ್ಲದೆಂಬ ಮೇರೆಯುಂಟು. ಅದನ್ನು ಮೀರಿದುದು ಹರಳುಗಟ್ಟಿ ಹೊರಬೀಳುತ್ತದೆ.

ಈ ನಿಯಮಕ್ಕೆ ಹೊಲವೂ ಒಂದೇ, ದೇಹವೂ ಒಂದೇ. ನಮ್ಮ ಮೂತ್ರಪಿಂಡಗಳೆರಡೂ ಕೂಡಿ ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರ ಬಹುಭಾಗವನ್ನು ದೇಹಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಏಪ್ರಿಲಿನ ಬಿಸಿಲಿನಲ್ಲಿ ಬೆವರು ಸುರಿದು, ಕುಡಿದ ನೀರು ಸಾಲದೆ ಹೋದರೆ ಮೂತ್ರವು ಇನ್ನೂ ಇಳಿಯುವುದು. ಅದರಲ್ಲಿ ಕರಗಿರಬೇಕಾದ ಲವಣಗಳೇನೂ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕ್ಯಾಲ್ಸಿಯಂ ಆಕ್ಸಲೇಟು ನೀರಿನಲ್ಲಿ ಕರಗುವುದೇ ತೀರ ಅಲ್ಪ. ಮೂತ್ರಪಿಂಡದ ಹರಳುಗಳಲ್ಲಿ ಹೆಚ್ಚಿನವು ಅದರವೇ.

ಈಗ, ವೈದ್ಯರ ಚೀಟಿಯಿಲ್ಲದೆ ಕೊಂಡು ಪೆಪ್ಪರಮಿಂಟಿನಂತೆ ಚೀಪುವ 'ಸಿ' ಜೀವಸತ್ವದ ಗುಳಿಗೆಯ ಮಾತು. ವಯಸ್ಕ ಪುರುಷನಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಶಿಫಾರಸು ಮಾಡಿದೆ. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು 500 ಮಿಲಿಗ್ರಾಂ! ಹೆಚ್ಚಾದುದು ಮೂತ್ರದಲ್ಲಿ ಹೋಗುವುದು, ಚಿಂತೆಯೇನು ಎನ್ನುವವರುಂಟು. ಹೋಗುವುದು ನಿಜ, ಆದರೆ ಅದರಲ್ಲೊಂದು ಭಾಗವು ಆಕ್ಸಲೇಟಾಗಿ ಮಾರ್ಪಟ್ಟು ಹೋಗುತ್ತದೆ. ಸ್ವೀಡನ್ ದೇಶದಲ್ಲಿ 23,000ಕ್ಕೂ ಮಿಕ್ಕ ಪುರುಷರನ್ನು 11 ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ವರದಿಯಂತೆ, ಈ ಗುಳಿಗೆ ಸೇವಿಸುವವರಲ್ಲಿ ಹರಳಿನ ಬಾಧೆ ಉಳಿದವರಿಗಿಂತ ಸುಮಾರು ಇಮ್ಮಡಿಯಾಗಿತ್ತು. ಗುಳಿಗೆಯೇ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗದು. ಆದರೂ ಆಕ್ಸಲೇಟಿನ ಸಂಗತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಕ್ಯಾಲ್ಸಿಯಮ್ಮಿನ ಕಥೆ ಇನ್ನೂ ಸ್ವಾರಸ್ಯವಾದುದು. ಹರಳಿನಲ್ಲಿ ಕ್ಯಾಲ್ಸಿಯಂ ಇದ್ದಮೇಲೆ ಹಾಲು ಮೊಸರು ಬಿಡುವುದೇ ಲೇಸೆಂದು ತೋರುವುದಷ್ಟೆ? ವೈದ್ಯರೂ ಬಹುಕಾಲ ಹಾಗೆಯೇ ಹೇಳುತ್ತಿದ್ದರು. ಅಮೆರಿಕದ 45,000ಕ್ಕೂ ಹೆಚ್ಚು ಪುರುಷರನ್ನು ಪರಿಶೀಲಿಸಿದ 1993ರ ವರದಿಯು ಇದನ್ನು ತಲೆಕೆಳಗು ಮಾಡಿತು: ಆಹಾರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಉಂಡವರಲ್ಲಿಯೇ ಹರಳು ಕಡಿಮೆ! ರೊಟ್ಟಿ, ರಾಜಗಿರಿ ಪಲ್ಯಗಳ ಸಂಗಡ ಮೊಸರನ್ನು ಉಂಡಾಗ ಪಲ್ಯದ ಆಕ್ಸಲೇಟು ಮೊಸರಿನ ಕ್ಯಾಲ್ಸಿಯಮ್ಮಿನೊಡನೆ ಕರುಳಿನಲ್ಲಿಯೇ ಕೂಡಿ, ರಕ್ತವನ್ನು ಸೇರದೆ ಮಲದೊಡನೆ ಹೊರಟುಹೋಗುತ್ತದೆ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ನುಂಗಿದ ಗುಳಿಗೆಗೆ ಈ ಜೊತೆ ದೊರೆಯದು. 36,282 ಮಹಿಳೆಯರ ಮೇಲೆ ಅಮೆರಿಕದಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಮತ್ತು 'ಡಿ' ಜೀವಸತ್ವದ ಗುಳಿಗೆ ಪಡೆದವರಲ್ಲಿ ಹರಳು ಶೇಕಡಾ 17ರಷ್ಟು ಹೆಚ್ಚಾಗಿ ಕಂಡುಬಂದಿತು. ಗರ್ಭಿಣಿಯರಿಗೂ ವೃದ್ಧರಿಗೂ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಇದನ್ನೋದಿ ನಿಲ್ಲಿಸತಕ್ಕದ್ದಲ್ಲ. ಅಲ್ಲಿ ಅಗತ್ಯವೇ ಬೇರೆ.

ನೀರು ಸಾಲದಾಗಿರುವುದನ್ನು ಅರಿಯಲು ಮೂತ್ರದ ಬಣ್ಣವೇ ಸುಲಭವಾದ ಗುರುತು: ತಿಳಿಯಾಗಿದ್ದರೆ ಸಾಕಷ್ಟಿದೆ, ಕಡುಹಳದಿಯಾಗಿದ್ದರೆ ಸಾಲದು. 'ಬಿ' ಜೀವಸತ್ವಗಳ ಗುಳಿಗೆ ನುಂಗಿದ ದಿನ ಮಾತ್ರ ಈ ಗುರುತನ್ನು ನಂಬುವಂತಿಲ್ಲ. ಅದರಲ್ಲಿಯ ರೈಬೋಫ್ಲೇವಿನ್ ತಾನೇ ಹಳದಿಯಾದುದರಿಂದ, ತಂಬಿಗೆಗಟ್ಟಲೆ ನೀರು ಕುಡಿದವನ ಮೂತ್ರಕ್ಕೂ ಅದು ಅರಿಸಿನದ ಬಣ್ಣವನ್ನು ಕೊಡಬಲ್ಲದು.