ಪರಿಮಳದ ಚಹಾ: ಯಾವುದರೊಡನೆ, ಯಾವಾಗ?

ಸಾರಕ್ಕಿ ಮಾರುಕಟ್ಟೆಗೆ ಸೊಪ್ಪು ತರಕಾರಿ ಒಯ್ಯುವವರಿಗೆ ಮುಂಜಾನೆ ಬಿಸಿ ಚಹಾ ಬೇಕೇ ಬೇಕು. ಅದಕ್ಕೆ ಪರಿಮಳ ಕೂಡಿಸುವುದು ಸುಲಭ. ಶುಂಠಿಯನ್ನು ಜಜ್ಜಿ ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆಮೇಲೆ ಹಾಲು ಹಾಕಿರಿ. ಹಸಿ ಶುಂಠಿಗೆ ಹಾಲು ಒಡೆಯುತ್ತದೆ. ಇದರೊಡನೆ ಖಾರದ ನಿಪ್ಪಟ್ಟು ರುಚಿ. ಏಲಕ್ಕಿ ಚಹಾಕ್ಕೆ ರಸ್ಕು ಹೊಂದುತ್ತದೆ. ಮಜ್ಜಿಗೆ ಹುಲ್ಲಿನ ಚಹಾಕ್ಕೆ ಹಾಲು ಬೇಡ, ನಿಂಬೆರಸ ಸಾಕು; ಹುರಿದ ಕಡಲೆಕಾಯಿ ಒಪ್ಪುತ್ತದೆ.

ಆದರೆ ಮುದ್ದೆ, ಸೊಪ್ಪಿನ ಸಾರು ಉಂಡ ಕೂಡಲೇ ಚಹಾ ಕುಡಿಯಬೇಡಿರಿ. ಚಹಾದ ಒಗರು ಆಹಾರದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಮುಖ್ಯವಾಗಿ ಬಸುರಿಯರು, ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ನಡುವೆ 1 ಗಂಟೆಯಾದರೂ ಬಿಡುವು ಕೊಡಿರಿ. ಸಾರಿಗೆ ನಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ನೆರೆಮನೆಯವರಿಗೂ ಇದನ್ನು ತಿಳಿಸಿರಿ.