ಬಾಗಿಲ ಮೇಲೆ ಯಾರ ಹೆಸರು?

ಇಂಡೊನೇಷ್ಯಾದ ಬಾಲಿ ದ್ವೀಪದ ದಕ್ಷಿಣ ಭಾಗದಲ್ಲಿ ಚಂಗು ಎಂಬ ಕಡಲತೀರವಿದೆ. ಅಲ್ಲಿನ ಹೋಟೆಲ್ ತುಗು ಎಂಬ ರೆಸಾರ್ಟಿನಲ್ಲಿ ಇಬ್ಬರು ಚಿತ್ರಕಾರರ ಹೆಸರು ಹೊತ್ತ ಎರಡು ವಿಶೇಷ ವಾಸಗೃಹಗಳಿವೆ. ಒಂದು, ಜರ್ಮನ್ ಕಲಾವಿದ ವಾಲ್ಟರ್ ಸ್ಪೀಸ್‌ನ ನೆನಪಿನದು. ಇನ್ನೊಂದು, ಬೆಲ್ಜಿಯಂನ ಆದ್ರಿಯಾನ್ ಜಾನ್ ಲೆ ಮೇಯರ್‌ನ ನೆನಪಿನದು. ಅದರ ಹೆಸರು ‘ಪುರಿ ಲೆ ಮೇಯರ್’. ಪುರಿ ಎಂದರೆ ಬಾಲಿಯ ಭಾಷೆಯಲ್ಲಿ ಅರಮನೆ. ತಾವರೆಯ ಕೊಳದ ಮೇಲೆ ನಿಂತ ಆ ಮನೆ, ಚಿತ್ರಕಾರನಿಗೂ ಅವನ ರೂಪದರ್ಶಿಯಾಗಿದ್ದ ನರ್ತಕಿ ನಿ ಪೊಲ್ಲೊಕ್‌ಗೂ ಇದ್ದ ಪ್ರೇಮದ ಸ್ಮಾರಕವೆಂದು ಅತಿಥಿಗಳಿಗೆ ಪರಿಚಿತವಾಗಿದೆ. ಹಳೆಯ ಮರದ ಪೀಠೋಪಕರಣ, ಕೆತ್ತನೆಯ ಕಂಬ, 1930ರ ದಶಕದ ಗಾಳಿಯನ್ನು ಹಿಡಿದಿಡುವ ಪ್ರಯತ್ನ. ಮಲಗುವ ಕೋಣೆಯೇ ಒಂದು ಚಿಕ್ಕ ವಸ್ತುಸಂಗ್ರಹಾಲಯ.

ಕಲೆಯ ಹೆಸರಿನ ಕೋಣೆಗಳು ಇಂದು ಉಷ್ಣವಲಯದ ಕಡಲತೀರಗಳಲ್ಲೆಲ್ಲ ಕಾಣುತ್ತವೆ. ಮರಳು, ತೆಂಗು, ಈಜುಕೊಳ ಎಲ್ಲೆಡೆಯೂ ಒಂದೇ ಬಗೆಯವಾದ ಮೇಲೆ, ಒಂದು ತೀರವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸಲು ಉದ್ಯಮಕ್ಕೆ ಕಲೆ ಬೇಕಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗೋಡೆಗೆ ಕಲೆಯನ್ನು ತರುವವರು ಅದರ ಜೊತೆಗೆ ಒಂದು ಕಥೆಯನ್ನೂ ತರುತ್ತಾರೆ. ಆ ಕಥೆಯಲ್ಲಿ ಯಾರು ಒಳಗೆ ಬಂದರು, ಯಾರು ಹೊರಗುಳಿದರು ಎಂಬ ಪ್ರಶ್ನೆಯನ್ನು ಕೇಳಲು ಬಾಲಿಗಿಂತ ತಕ್ಕ ಸ್ಥಳ ಮತ್ತೊಂದಿಲ್ಲ.

ಮೊದಲ ಅತಿಥಿಗಳು ದೇವತೆಗಳು

ಚಿತ್ರಗಳಿಂದ ಕೋಣೆಯನ್ನು ಸಿಂಗರಿಸುವುದು ಬಾಲಿಗೆ ವಿದೇಶೀಯರು ಕಲಿಸಿದ ವಿದ್ಯೆಯಲ್ಲ. ದ್ವೀಪದ ಕಾಮಾಸನ್ ಗ್ರಾಮದ ಚಿತ್ರಕಾರರು ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬಟ್ಟೆಯ ಮೇಲೆ ಬರೆಯುತ್ತ ಬಂದವರು. ‘ಇದೆರ್-ಇದೆರ್’ ಎಂಬ ಉದ್ದನೆಯ ಚಿತ್ರಪಟವನ್ನು ದೇಗುಲದ ಮಂಟಪಗಳ ಸೂರಂಚಿಗೆ ಸುತ್ತಲೂ ಕಟ್ಟುತ್ತಾರೆ. ಬಾಲಿಯ ಪಂಚಾಂಗದ ಪ್ರಕಾರ 210 ದಿನಗಳಿಗೊಮ್ಮೆ ಬರುವ ಒದಾಲಾನ್ ಉತ್ಸವದಲ್ಲಿ ದೇವತೆಗಳು ಇಳಿದು ಬರುತ್ತಾರೆ, ಅವರನ್ನು ಅತಿಥಿಗಳಂತೆ ಸತ್ಕರಿಸಬೇಕು ಎಂಬುದು ನಂಬಿಕೆ. ಚಿತ್ರಪಟ, ನೃತ್ಯ, ಗಾಮೆಲಾನ್ ವಾದ್ಯ ಎಲ್ಲವೂ ಆ ಸತ್ಕಾರದ ಭಾಗ. ಉತ್ಸವ ಮುಗಿದರೆ ಪಟವನ್ನು ಬಿಚ್ಚಿ, ಸುತ್ತಿ ಇಡುತ್ತಾರೆ. ಅದು ಕೊಳ್ಳುವ ವಸ್ತುವಾಗಿರಲಿಲ್ಲ. ಬರೆದವನ ಹೆಸರು ಅದರ ಮೇಲೆ ಇರಲೇಬೇಕೆಂಬ ನಿಯಮವೂ ಇರಲಿಲ್ಲ.

ಈ ವ್ಯವಸ್ಥೆಯೊಳಗೆ ಬೇರೊಂದು ಬಗೆಯ ಅತಿಥಿ ಕಾಲಿಟ್ಟದ್ದು ಸಮಾಧಾನದ ಗಳಿಗೆಯಲ್ಲಲ್ಲ. 1906ರ ಸೆಪ್ಟೆಂಬರಿನಲ್ಲಿ ಡಚ್ ಸೇನೆ ಸಾನೂರ್ ಕಡಲತೀರದಲ್ಲಿ ಇಳಿಯಿತು. ಸೆಪ್ಟೆಂಬರ್ 20ರಂದು ಬಾದುಂಗ್‌ನ ರಾಜ ತನ್ನ ಪರಿವಾರದೊಂದಿಗೆ ಶ್ವೇತವಸ್ತ್ರ ಧರಿಸಿ, ಶರಣಾಗುವ ಬದಲು ಬಂದೂಕುಗಳ ಎದುರಿಗೆ ನಡೆದು ಬಂದ. ಹೆಂಗಸರು, ಮಕ್ಕಳು ಸೇರಿ ನೂರಾರು ಮಂದಿ ಮಡಿದರು. ‘ಪುಪುತಾನ್’ ಎಂದು ಬಾಲಿ ನೆನೆಯುವ ಆ ಆತ್ಮಾಹುತಿ ಯುರೋಪಿನಲ್ಲಿ ಡಚ್ಚರಿಗೆ ಕಳಂಕ ತಂದಿತು. ಬಳಿಕ ವಸಾಹತು ಆಡಳಿತ ಬಾಲಿಯ ಸಂಸ್ಕೃತಿಯನ್ನು ‘ಕಾಪಾಡುವ’ ಹೊಣೆ ಹೊತ್ತಂತೆ ವರ್ತಿಸಿತು. ದ್ವೀಪವನ್ನು ಒಂದು ಜೀವಂತ ವಸ್ತುಸಂಗ್ರಹಾಲಯವಾಗಿ ಜಗತ್ತಿಗೆ ತೋರಿಸತೊಡಗಿತು. 1928ರಲ್ಲಿ ಡಚ್ ಹಡಗು ಕಂಪೆನಿ ಡೆನ್‌ಪಸಾರ್‌ನಲ್ಲಿ ಬಾಲಿ ಹೋಟೆಲ್ ತೆರೆಯಿತು. ಸೈನ್ಯ ಇಳಿದ ಇಪ್ಪತ್ತೆರಡು ವರ್ಷಗಳಲ್ಲಿ ಪ್ರವಾಸಿಗರು ಇಳಿದರು.

ಪಿತಾಮಹರ ಸಂಘ

ವಾಲ್ಟರ್ ಸ್ಪೀಸ್ ಹುಟ್ಟಿದ್ದು 1895ರಲ್ಲಿ, ಮಾಸ್ಕೋದಲ್ಲಿ. 1923ರಲ್ಲಿ ಜಾವಾಕ್ಕೆ ಬಂದು, ಯೋಗ್ಯಕರ್ತದ ಸುಲ್ತಾನನ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದ. 1927ರಲ್ಲಿ ಬಾಲಿಗೆ ಬಂದು ಉಬುದ್ ಸಮೀಪ ನೆಲೆಸಿದ. ಎರಡು ಹೊಳೆಗಳು ಕೂಡುವ ಚಂಪುಹಾನ್‌ನಲ್ಲಿದ್ದ ಅವನ ಮನೆಗೆ ಚಾರ್ಲಿ ಚಾಪ್ಲಿನ್, ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಮೊದಲಾದವರು ಬಂದು ಹೋದರು. ಆ ಮನೆಯೂ ಇಂದು ಒಂದು ಹೋಟೆಲಿನ ಭಾಗ.

ಸ್ಪೀಸ್, ಡಚ್ ಚಿತ್ರಕಾರ ರುಡಾಲ್ಫ್ ಬಾನೆಟ್, ಉಬುದ್ ರಾಜಮನೆತನದ ಚೊಕೊರ್ದ ಗೆದೆ ಅಗುಂಗ್ ಸುಕಾವತಿ ಮತ್ತು ಸ್ಥಳೀಯ ಕಲಾಪ್ರತಿಭೆ ಇ ಗುಸ್ತಿ ನ್ಯೋಮನ್ ಲೆಂಪದ್ ಸೇರಿ 1936ರಲ್ಲಿ ‘ಪಿತಾ ಮಹಾ’ ಎಂಬ ಸಂಘ ಕಟ್ಟಿದರು. ಕನ್ನಡಿಗರಿಗೆ ಅನುವಾದವೇ ಬೇಡದ ಹೆಸರು. ನೂರಕ್ಕೂ ಹೆಚ್ಚು ಚಿತ್ರಕಾರರೂ ಶಿಲ್ಪಿಗಳೂ ಅದರ ಸದಸ್ಯರಾದರು. ಪ್ರವಾಸಿಗರ ಅವಸರದ ಬೇಡಿಕೆಗೆ ಕಲಾವಿದರು ಅಗ್ಗದ ಸರಕು ತಯಾರಿಸತೊಡಗಿದ್ದರು. ಕೃತಿಗಳನ್ನು ಪರಿಶೀಲಿಸಿ, ಒಳ್ಳೆಯವನ್ನಷ್ಟೇ ಪ್ರದರ್ಶನಕ್ಕೂ ಮಾರಾಟಕ್ಕೂ ಕಳಿಸುವುದು ಸಂಘದ ಕೆಲಸವಾಗಿತ್ತು. ಪ್ರವಾಸೋದ್ಯಮ ಕಲೆಯನ್ನು ಕೆಡಿಸಬಹುದು ಎಂಬ ಆತಂಕ ಬಾಲಿಯಲ್ಲಿ ಇಂದಿನದಲ್ಲ. ತೊಂಬತ್ತು ವರ್ಷಗಳಷ್ಟು ಹಳೆಯದು.

ಆದರೆ ಆ ಆತಂಕಪಟ್ಟವರೇ ಬದಲಾವಣೆಗೂ ಕಾರಣರಾದರು. ಇಂದು ಬಾಲಿಗೆ ಹೋದವರೆಲ್ಲ ನೋಡುವ ‘ಕೆಚಾಕ್’ ನೃತ್ಯ 1930ರ ದಶಕದ ಆರಂಭದಲ್ಲಿ ರೂಪುಗೊಂಡದ್ದು. ಸಾಂಘ್ಯಾಂಗ್ ಎಂಬ ಆವೇಶದ ಆಚರಣೆಯಲ್ಲಿದ್ದ ಗಂಡಸರ ಸಮೂಹಗಾನವನ್ನು ರಾಮಾಯಣದ ಕಥೆಗೆ ಜೋಡಿಸಿ, ನೋಡುಗರಿಗೆಂದು ಕಟ್ಟಿದ ಪ್ರಯೋಗವದು. ಅದರಲ್ಲಿ ಸ್ಪೀಸ್‌ನ ಪಾತ್ರವಿದ್ದಂತೆ ಬೆದುಲು ಗ್ರಾಮದ ನರ್ತಕ ವಯಾನ್ ಲಿಂಬಕ್‌ನ ಪಾತ್ರವೂ ಇದೆ. ಪ್ರವಾಸಿ ಪುಸ್ತಕಗಳಲ್ಲಿ ಮೊದಲ ಹೆಸರು ಸುಲಭವಾಗಿ ಸಿಗುತ್ತದೆ, ಎರಡನೆಯದನ್ನು ಹುಡುಕಬೇಕು.

ಸಾನೂರ್ ತೀರದ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. 1930ರ ದಶಕದಲ್ಲಿ ಜರ್ಮನಿಯ ನ್ಯೂಹೌಸ್ ಸಹೋದರರು ಅಲ್ಲಿ ಮೀನುಗಳ ಅಕ್ವೇರಿಯಂ ಮತ್ತು ಕಲಾಮಳಿಗೆ ನಡೆಸುತ್ತಿದ್ದರು. ಆ ತೀರದ ಹಳ್ಳಿಯ ಚಿತ್ರಕಾರರು ಮೀನು, ಏಡಿ, ಪಕ್ಷಿ, ಕಡಲ ಜೀವಿಗಳನ್ನು ಮಸಿಯಲ್ಲಿ ಬರೆದು ಅಲ್ಲಿ ಮಾರುತ್ತಿದ್ದರು. ಕಡಲತೀರದ ಕಲೆ ಎಂದು ನಿಜವಾಗಿ ಕರೆಯಬಹುದಾದದ್ದು ಅದು. ಹೋಟೆಲಿನ ಸೂಟ್‌ಗೆ ಹೆಸರು ಹುಡುಕುವವರಿಗೆ ಮಾತ್ರ ಆ ಚಿತ್ರಕಾರರು ಸುಲಭವಾಗಿ ನೆನಪಾಗುವುದಿಲ್ಲ.

ಕೋಣೆ ಹೇಳದ ಮಾತು

ಸ್ಪೀಸ್‌ನ ಬದುಕಿನ ಕೊನೆ ರಮಣೀಯವಲ್ಲ. 1938ರ ಡಿಸೆಂಬರ್ ಕೊನೆಯಲ್ಲಿ ಡಚ್ ಪೊಲೀಸರು ಸಲಿಂಗಿಗಳ ವಿರುದ್ಧ ನಡೆಸಿದ ಕಾರ್ಯಾಚರಣೆಯಲ್ಲಿ, ಅಪ್ರಾಪ್ತ ವಯಸ್ಕರೊಂದಿಗೆ ಲೈಂಗಿಕ ಸಂಬಂಧವಿತ್ತೆಂಬ ಆರೋಪದ ಮೇಲೆ ಅವನನ್ನು ಬಂಧಿಸಿದರು; 1939ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಜರ್ಮನಿ ಹಾಲೆಂಡಿನ ಮೇಲೆ ದಾಳಿ ಮಾಡಿದಾಗ ಶತ್ರುದೇಶದ ಪ್ರಜೆಯೆಂದು ಮತ್ತೆ ಸೆರೆ. 1942ರ ಜನವರಿ 19ರಂದು ಜರ್ಮನ್ ಕೈದಿಗಳನ್ನು ಸಾಗಿಸುತ್ತಿದ್ದ ‘ವಾನ್ ಇಮ್‌ಹಾಫ್’ ಹಡಗಿನ ಮೇಲೆ ಜಪಾನಿ ವಿಮಾನ ಬಾಂಬು ಹಾಕಿತು. ಡಚ್ ಸಿಬ್ಬಂದಿ ಕೈದಿಗಳನ್ನು ಬಿಟ್ಟು ಪಾರಾದರು. ಮುಳುಗಿದ ನೂರಾರು ಜನರಲ್ಲಿ ಸ್ಪೀಸ್ ಒಬ್ಬ.

ಲೆ ಮೇಯರ್‌ನ ಕಥೆ ಬೇರೆ. ಅವನು 1880ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದವನು. 1932ರಲ್ಲಿ ಬಾಲಿಗೆ ಬಂದಾಗ ಅವನಿಗೆ ಐವತ್ತು ದಾಟಿತ್ತು. ಕೆಲಂದಿಸ್ ಗ್ರಾಮದ ಲೆಗೊಂಗ್ ನರ್ತಕಿ ನಿ ಪೊಲ್ಲೊಕ್ ಹುಟ್ಟಿದ್ದು 1917ರಲ್ಲಿ. ರೂಪದರ್ಶಿಯಾದಾಗ ಆಕೆಗೆ ಹದಿನೈದರ ಆಸುಪಾಸು. 1933ರಲ್ಲಿ ಸಿಂಗಪುರದ ಪ್ರದರ್ಶನದಲ್ಲಿ ಆಕೆಯ ಚಿತ್ರಗಳು ಚೆನ್ನಾಗಿ ಮಾರಾಟವಾದವು. ಸಾನೂರ್ ತೀರದಲ್ಲಿ ಚಿತ್ರಕಾರನ ಮನೆ ಎದ್ದಿತು. 1935ರಲ್ಲಿ ಅವರ ವಿವಾಹವಾಯಿತು. ಜಪಾನಿ ಆಕ್ರಮಣದ ಕಾಲದಲ್ಲಿ ಲೆ ಮೇಯರ್ ಗೃಹಬಂಧನದಲ್ಲಿದ್ದ. ಕ್ಯಾನ್‌ವಾಸ್ ಸಿಗದೆ ಒರಟು ಗೋಣಿಯಂಥ ಬಟ್ಟೆಯ ಮೇಲೆ ಬರೆದ. 1957ರಲ್ಲಿ ದಂಪತಿ ತಮ್ಮ ಮನೆಯನ್ನೂ ಚಿತ್ರಗಳನ್ನೂ ವಸ್ತುಸಂಗ್ರಹಾಲಯಕ್ಕೆಂದು ಇಂಡೊನೇಷ್ಯಾ ಸರ್ಕಾರಕ್ಕೆ ದಾನಪತ್ರ ಬರೆದುಕೊಟ್ಟರು. 1958ರಲ್ಲಿ ಲೆ ಮೇಯರ್ ಬ್ರಸೆಲ್ಸ್‌ನಲ್ಲಿ ತೀರಿಕೊಂಡ. ನಿ ಪೊಲ್ಲೊಕ್ 1985ರಲ್ಲಿ ಕಣ್ಣು ಮುಚ್ಚುವವರೆಗೆ ಅದೇ ಮನೆಯಲ್ಲಿದ್ದು ಅದನ್ನು ನೋಡಿಕೊಂಡಳು.

ಅಂದರೆ ಆ ಕಲೆಯನ್ನು ಬದುಕಿಸಿದವಳು, ಇಪ್ಪತ್ತೇಳು ವರ್ಷ ಅದರ ಕಾವಲು ಕಾದವಳು ಆ ನರ್ತಕಿ. ಆದರೆ ಬಾಗಿಲ ಮೇಲಿನ ಹೆಸರು ಲೆ ಮೇಯರ್‌ನದು. ವಯಸ್ಸಿನಲ್ಲೂ ಅಧಿಕಾರದಲ್ಲೂ ಅಷ್ಟು ಅಂತರವಿದ್ದ ಇಬ್ಬರ ಸಂಬಂಧವನ್ನು ‘ಅಮರ ಪ್ರೇಮ’ವೆಂದಷ್ಟೇ ಹೇಳಿ ಮುಗಿಸುವುದು ಅತಿಥಿಯ ನಿದ್ದೆಗೆ ಒಳ್ಳೆಯದು, ಚರಿತ್ರೆಗೆ ಅಲ್ಲ.

ನಿಜವಾದ ಮನೆ ಸಾನೂರ್‌ನಲ್ಲಿ ಇಂದೂ ಇದೆ. ಎಂಬತ್ತಕ್ಕೂ ಹೆಚ್ಚು ಚಿತ್ರಗಳು ಅಲ್ಲಿವೆ. ಕಡಲ ಉಪ್ಪುಗಾಳಿ, ತೇವ ಅವುಗಳ ನಿತ್ಯ ಶತ್ರು. ಅದರ ಪಕ್ಕದಲ್ಲೇ, ಜಪಾನ್ ಕೊಟ್ಟ ಯುದ್ಧ ಪರಿಹಾರದ ಹಣದಿಂದ ಕಟ್ಟಿದ ಹತ್ತು ಅಂತಸ್ತಿನ ಬಾಲಿ ಬೀಚ್ ಹೋಟೆಲ್ 1966ರಲ್ಲಿ ತೆರೆಯಿತು. ಆ ಗೋಪುರ ಕಂಡ ಬಾಲಿಯ ಜನ ಎಚ್ಚೆತ್ತುಕೊಂಡರು. ಇನ್ನು ಮುಂದೆ ಕಟ್ಟಡಗಳು ತೆಂಗಿನ ಮರದ ಎತ್ತರವನ್ನು, ಅಂದರೆ 15 ಮೀಟರ್‌ಗಳನ್ನು, ಮೀರಬಾರದೆಂಬ ನಿಯಮ ಬಂತು. ಕಡಲತೀರದ ಅಂದವನ್ನು ಉಳಿಸಲು ಅಂಥ ಒಂದು ಅಳತೆಗೋಲು ಸಿಕ್ಕಿತು. ಕಲೆಯ ಘನತೆಯನ್ನು ಉಳಿಸಲು ಅಂಥದೇನಿದೆ?

ಇನ್ನೊಂದು ದಾರಿ

ಹೋಟೆಲ್‌ಗಳನ್ನು ದೂರುವುದು ಸುಲಭ. ಖಾಸಗಿ ಸಂಗ್ರಾಹಕರು ಕೊಂಡು ಇಡದಿದ್ದರೆ ಎಷ್ಟೋ ಹಳೆಯ ಕೆತ್ತನೆಗಳು, ಕಂಬ ಬಾಗಿಲುಗಳು ಸೌದೆಯಾಗುತ್ತಿದ್ದವು ಅಥವಾ ಹಡಗೇರುತ್ತಿದ್ದವು. ರಜೆಗೆಂದು ಬಂದ ಯಾತ್ರಿಕನೊಬ್ಬ ತನ್ನ ಕೋಣೆಯ ಹೆಸರಿನಿಂದಾಗಿ ಒಬ್ಬ ಕಲಾವಿದನನ್ನು ತಿಳಿದುಕೊಂಡರೆ ಅದೂ ಲಾಭವೇ. ಪ್ರಶ್ನೆ ಇರುವುದು ಕೋಣೆ ಸತ್ತವರ ನೆನಪನ್ನಷ್ಟೇ ಮಾರಬೇಕೇ, ಬದುಕಿರುವವರಿಗೆ ಕೆಲಸವನ್ನೂ ಕೊಡಬೇಕೇ ಎಂಬುದರಲ್ಲಿ.

ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಇದಕ್ಕೆ ಒಂದು ಉತ್ತರ ಕೊಟ್ಟಿದ್ದರು. 1960ರ ದಶಕದ ಕೊನೆಗೆ ಅವರು ರೂಪಿಸಿದ ಬೆಂತೋಟ ಬೀಚ್ ಹೋಟೆಲಿನಲ್ಲಿ ಸ್ವಾಗತ ಮಂಟಪದ ಚಾವಣಿಗೆ ಎನಾ ಡಿ ಸಿಲ್ವಾ ಬಾಟಿಕ್ ಬಟ್ಟೆ ಹಾಸಿದರು. ಕೋಣೆಗಳಿಗೆ ಬಾರ್ಬರಾ ಸನ್ಸೋನಿ ಅವರ ಕೈಮಗ್ಗದ ಬಟ್ಟೆ ಬಂತು. ಆಮದು ಕಷ್ಟವಾಗಿದ್ದ ಕಾಲ. ಕೈಗೆ ಸಿಗುವ ಕುಶಲಿಗಳನ್ನೇ ನೆಚ್ಚಬೇಕಿತ್ತು. ಆ ಕೊರತೆಯೇ ಒಂದು ಶೈಲಿಯಾಯಿತು. 1997ರಲ್ಲಿ ಗಾಲೆಯಲ್ಲಿ ತೆರೆದ ಲೈಟ್‌ಹೌಸ್ ಹೋಟೆಲಿಗೆ ಕಲಾವಿದ ಲಕಿ ಸೇನಾನಾಯಕೆ ಸುತ್ತು ಮೆಟ್ಟಿಲಿನುದ್ದಕ್ಕೂ ಲೋಹದ ಶಿಲ್ಪ ನಿರ್ಮಿಸಿದರು. ಅದರ ವಸ್ತು ಪೋರ್ಚುಗೀಸರಿಗೂ ಸಿಂಹಳೀಯರಿಗೂ ನಡೆದ ಯುದ್ಧ. ಕಡಲನ್ನು ನೋಡಲು ಬಂದ ಅತಿಥಿ, ಆ ಕಡಲಿನ ಮೂಲಕ ಹಿಂದೆ ಬಂದವರು ಏನು ಮಾಡಿದರೆಂಬುದನ್ನು ದಾಟಿಯೇ ಮೇಲೆ ಹತ್ತಬೇಕು! ಅತಿಥಿಗೆ ಇದರಿಂದ ಬೇಸರವಾಯಿತೆಂದು ಯಾರೂ ಆ ಮೆಟ್ಟಿಲನ್ನು ಕಿತ್ತಿಲ್ಲ.

ನಮ್ಮ ಕರಾವಳಿಗೂ ಇದು ದೂರದ ಮಾತಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತಸ್ಥಾನದ ಪುರಾತನ ಮರದ ವಿಗ್ರಹಗಳು 1960ರ ದಶಕದಲ್ಲಿ ತಮ್ಮ ನೆಲೆ ಬಿಟ್ಟು ಹೊರಟವು. ಅವುಗಳಲ್ಲಿ ಹಲವನ್ನು ಇಂದು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಕಾಣಿಕೆ ಪಡೆಯುತ್ತಿದ್ದ ದೈವ ದೀಪದ ಬೆಳಕಿನ ಪ್ರದರ್ಶನ ವಸ್ತುವಾದಾಗ ಅದು ಉಳಿಯಿತೆನ್ನಬೇಕೋ ಹೋಯಿತೆನ್ನಬೇಕೋ ತಿಳಿಯದು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ದೈವದ ಮುಖಕ್ಕೆ ದೇಶದಾದ್ಯಂತ ಪ್ರಚಾರ ಸಿಕ್ಕಿದೆ. ಅದನ್ನು ಹಜಾರದ ಅಲಂಕಾರಕ್ಕೆ ತರುವ ಮುನ್ನ ಉದ್ಯಮಿಗಳು ಒಮ್ಮೆ ಯೋಚಿಸಬೇಕು. ಅದರ ಬದಲು, ಉತ್ತರ ಕನ್ನಡ ಮತ್ತು ಗೋವಾದ ದೇಗುಲಗಳ ಗೋಡೆಗಳಲ್ಲಿ ಉಳಿದಿರುವ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಕೆರೆದು ಚಿತ್ರ ಬಿಡಿಸುವ ವಿಧಾನವದು. ನೆಲ, ಸುಣ್ಣ, ಕೈ ಮೂರೂ ಈ ತೀರದವೇ. ಒಂದು ಗೋಡೆಯನ್ನು ಒಬ್ಬ ಕುಶಲಿಗೆ ಒಪ್ಪಿಸಿ, ನ್ಯಾಯವಾದ ಸಂಭಾವನೆ ಕೊಟ್ಟು, ಕೆಳಗೆ ಅವನ ಹೆಸರು ಬರೆಸಲು ಕೋಟಿಗಟ್ಟಲೆ ಹಣ ಬೇಕಿಲ್ಲ.

ಬಾಲಿಯ ಆ ಮನೆಗಳ ಬಾಗಿಲ ಮೇಲೂ ಇನ್ನಷ್ಟು ಹೆಸರುಗಳಿಗೆ ಜಾಗವಿದೆ. ಸ್ಪೀಸ್‌ನ ಪಕ್ಕದಲ್ಲಿ ಲೆಂಪದ್, ಲಿಂಬಕ್. ಲೆ ಮೇಯರ್‌ನ ಪಕ್ಕದಲ್ಲಿ, ಅವನಿಗಿಂತ ಮೊದಲೇ ಬರೆದರೂ ತಪ್ಪಿಲ್ಲ, ನಿ ಪೊಲ್ಲೊಕ್. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಹೂವಿನೊಂದಿಗೆ ಒಂದು ಪುಟದ ನಿಜವಾದ ಚರಿತ್ರೆ ಇಟ್ಟರೆ, ಸಾನೂರಿನ ಹಳೆಯ ಮನೆಗೆ ಹೋಗುವ ದಾರಿಯನ್ನೂ ಅದರಲ್ಲಿ ಬರೆದರೆ, ಬೆಳಿಗ್ಗೆ ಎದ್ದ ಅತಿಥಿ ಆ ಕಡೆಗೊಮ್ಮೆ ಹೋಗಿಬಂದಾನು. ಉಪ್ಪುಗಾಳಿಗೆ ಮಾಸುತ್ತಿರುವ ಆ ಚಿತ್ರಗಳಿಗೆ ಈಗ ಬೇಕಿರುವುದು ಅಂಥ ಅತಿಥಿಗಳೇ.