ಹಳೆಯ ಗಾಳಿ ರೆಂಚಿನ ಆರೈಕೆಯೂ ದೋಷಪರೀಕ್ಷೆಯೂ

ಟ್ರಾಕ್ಟರನ್ನೂ ಟ್ರೈಲರನ್ನೂ ಇಟ್ಟುಕೊಂಡಿರುವ ಜಮೀನ್ದಾರರಲ್ಲಿ ಅನೇಕರು ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರಿನೊಡನೆ, ಆ ಗಾಳಿಯ ಬಲದಿಂದಲೇ ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚನ್ನೂ ಇಟ್ಟಿರುವರು. ಹತ್ತು ಹದಿನೈದು ವರ್ಷ ದುಡಿದ ಇಂತಹ ರೆಂಚು ಕಬ್ಬು ಸಾಗಿಸುವ ಕಾಲದಲ್ಲಿಯೇ ಕೈಕೊಡುವುದುಂಟು. ಮಂಡ್ಯದ ಸೀಮೆಯ ರೈತರಿಗೆ ತಿಳಿದಿರುವಂತೆ, ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದು. ಆದಕಾರಣ ರೆಂಚನ್ನು ಗುಜರಿಗೆ ಹಾಕುವುದಕ್ಕೆ ಮುಂಚೆ ದೋಷವು ಎಲ್ಲಿದೆಯೆಂಬುದನ್ನು ಕ್ರಮವಾಗಿ ವಿಚಾರಿಸತಕ್ಕದ್ದು. ಬಹುಮಟ್ಟಿಗೆ ಅದು ರೆಂಚಿನಲ್ಲಿರುವುದಿಲ್ಲ; ಅದಕ್ಕೆ ಬರುವ ಗಾಳಿಯಲ್ಲಿರುತ್ತದೆ.

ಯಂತ್ರದ ರಚನೆ ಸರಳವಾದುದು. ಹಿಡಿಯೊಳಗೆ ನುಗ್ಗಿದ ಗಾಳಿಯು ಒಂದು ರೋಟರನ್ನು ತಿರುಗಿಸುವುದು. ರೋಟರಿನ ಸೀಳುಗಳಲ್ಲಿ ತೆಳುವಾದ ಬ್ಲೇಡುಗಳು ಒಳಗೂ ಹೊರಗೂ ಜಾರುತ್ತಾ ಸಿಲಿಂಡರಿನ ಗೋಡೆಗೆ ಒತ್ತಿಕೊಂಡು ಗಾಳಿಯನ್ನು ಹಿಡಿಯುವುವು. ರೋಟರಿನ ಮುಂದಿರುವ ಸುತ್ತಿಗೆಯು ಸಾಕೆಟ್ ಸಿಕ್ಕಿಸುವ ದಂಡವನ್ನು ಎಡೆಬಿಡದೆ ಬಡಿಯುವುದು. ನಟ್ಟನ್ನು ಸಡಿಲಿಸುವುದು ಈ ಬಡಿತವೇ ಹೊರತು ಬರಿಯ ತಿರುಗುವಿಕೆಯಲ್ಲ.

ಮೊದಲು ಒತ್ತಡವನ್ನು ನೋಡಬೇಕು. ಸಾಮಾನ್ಯವಾಗಿ ಈ ರೆಂಚುಗಳಿಗೆ ಚದರ ಅಂಗುಲಕ್ಕೆ 90 ಪೌಂಡು ಒತ್ತಡ ಗೊತ್ತುಮಾಡಿರುತ್ತದೆ. ಅದು ಕಂಪ್ರೆಸರಿನ ಮೀಟರು ತೋರಿಸುವ ಒತ್ತಡವಲ್ಲ. ಗುಂಡಿ ಒತ್ತಿ ರೆಂಚು ಓಡುತ್ತಿರುವಾಗ ಅದರ ಬಾಯಿಯ ಹತ್ತಿರ ಇರಬೇಕಾದದ್ದು. ತೊಟ್ಟಿಯಲ್ಲಿ 120 ಪೌಂಡು ಇದ್ದರೂ ಸಣ್ಣದಾದ ಉದ್ದನೆಯ ಪೈಪಿನಲ್ಲಿ ಹಾದುಬರುವಷ್ಟರಲ್ಲಿ ಗಾಳಿಯ ಕಸುವು ಕುಗ್ಗುವುದು. ಅರ್ಧ ಅಂಗುಲದ ರೆಂಚಿಗೆ ಒಳಗಂಡಿ 3/8 ಅಂಗುಲವಿರುವ ಪೈಪೂ, ಮುಕ್ಕಾಲು ಅಂಗುಲದ ರೆಂಚಿಗೆ 1/2 ಅಂಗುಲದ ಪೈಪೂ ಬೇಕು. ಚಕ್ರಕ್ಕೆ ಗಾಳಿ ತುಂಬುವ ಸಪೂರ ಪೈಪಿಗೇ ರೆಂಚನ್ನು ಸಿಕ್ಕಿಸಿ, ಅದಕ್ಕೆ ಬಲವಿಲ್ಲವೆಂದು ದೂರುವವರು ಅನೇಕರು. ಕೆಲವರು ಒತ್ತಡವನ್ನೇ ಏರಿಸಿಬಿಡುವರು. ಇದರಿಂದ ಸುತ್ತಿಗೆ ಬೇಗ ಸವೆದು ಸೀಳುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಗಾಳಿ ಪ್ರವೇಶಿಸುವ ಬಾಯಿಯಲ್ಲಿ ಸಣ್ಣ ಜಾಲರಿಯಿದ್ದರೆ ಅದು ಕಸದಿಂದ ಮುಚ್ಚಿದೆಯೇ ಎಂಬುದನ್ನೂ ಪರೀಕ್ಷಿಸತಕ್ಕದ್ದು.

ಎರಡನೆಯ ಶತ್ರು ನೀರು. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವವು ತೊಟ್ಟಿಯ ತಳದಲ್ಲಿ ನೀರಾಗಿ ನಿಲ್ಲುವುದು. ಮಳೆಗಾಲದಲ್ಲಿ ಇದು ಮತ್ತಷ್ಟು ಹೆಚ್ಚು. ಕೆಲಸ ಮುಗಿದ ಪ್ರತಿದಿನವೂ ತಳದ ತಿರುಪನ್ನು ಬಿಚ್ಚಿ ಆ ನೀರನ್ನು ಹೊರಬಿಡಬೇಕು. ಬಿಡದಿದ್ದರೆ ರೆಂಚಿನ ಒಳಭಾಗ ಮಾತ್ರವಲ್ಲದೆ ತೊಟ್ಟಿಯೂ ಒಳಗಿನಿಂದ ತುಕ್ಕು ತಿನ್ನುವುದು. ತುಕ್ಕು ತಿಂದ ತೊಟ್ಟಿ ಒತ್ತಡಕ್ಕೆ ಸಿಡಿದರೆ ಪ್ರಾಣಾಪಾಯ.

ಎಣ್ಣೆಯ ವಿಷಯದಲ್ಲಿ ಆಗುವಷ್ಟು ತಪ್ಪು ಮತ್ತಾವುದರಲ್ಲಿಯೂ ಆಗುವುದಿಲ್ಲ. ಕೆಲಸಕ್ಕೆ ಮುಂಚೆ ನಾಲ್ಕೈದು ತೊಟ್ಟು, ಕೆಲಸವಾದ ಮೇಲೆ ನಾಲ್ಕೈದು ತೊಟ್ಟು ಗಾಳಿ ಯಂತ್ರದ ತೆಳು ಎಣ್ಣೆಯನ್ನು ಬಾಯಿಯೊಳಗೆ ಬಿಟ್ಟು ಕೆಲವು ಕ್ಷಣ ಓಡಿಸಿದರೆ ಸಾಕು. ಇಂಜಿನ್ನಿಗೆ ಹಾಕುವ ದಪ್ಪ ಎಣ್ಣೆಯು ಬ್ಲೇಡುಗಳನ್ನು ಸೀಳಿನಲ್ಲಿಯೇ ಅಂಟಿಸುವುದು. ಸುತ್ತಿಗೆಯ ಭಾಗಕ್ಕೆ ಮಾತ್ರ, ತಯಾರಕರು ಹೇಳಿರುವಂತೆ, ಗ್ರೀಸನ್ನು ಮಿತವಾಗಿ ಬಳಿಯಬೇಕು. ಅದನ್ನು ತುಂಬಿಬಿಟ್ಟರೆ ಪೆಟ್ಟು ಮೆತ್ತಗಾಗುವುದು.

ಇಷ್ಟಾದರೂ ರೆಂಚು ಸರಿಹೋಗದಿದ್ದರೆ ಅದರ ಲಕ್ಷಣವನ್ನು ಗಮನಿಸಬೇಕು. ಗಾಳಿ ಬುಸುಗುಡುತ್ತಿದ್ದು ದಂಡವು ತಿರುಗದಿದ್ದರೆ ಬ್ಲೇಡು ಅಂಟಿರುವ ಸಂಭವವೇ ಹೆಚ್ಚು. ಪೈಪನ್ನು ಕಳಚಿ, ಎಣ್ಣೆ ಬಿಟ್ಟು, ದಂಡವನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುವಿದರೆ ಅನೇಕ ವೇಳೆ ಸಡಿಲವಾಗುವುದು. ವೇಗವಾಗಿ ತಿರುಗಿಯೂ ನಟ್ಟಿನ ಮೇಲೆ ಪೆಟ್ಟು ಬೀಳದಿದ್ದರೆ ಸುತ್ತಿಗೆ ಅಥವಾ ಅದರ ಹಲ್ಲು ಸವೆದಿದೆ. ಗುಂಡಿ ಬಿಟ್ಟ ಮೇಲೂ ಗಾಳಿ ಸೋರಿದರೆ ವಾಲ್ವಿನ ರಬ್ಬರು ಬಳೆ ಹೋಗಿದೆ. ಇದು ಅಲ್ಪ ಖರ್ಚಿನ ಕೆಲಸ. ಪೆಟ್ಟು ಸರಿಯಾಗಿದ್ದೂ ನಟ್ಟು ಕದಲದಿದ್ದರೆ ಸಾಕೆಟಿನ ಚೌಕ ಸವೆದಿದೆಯೇ, ನಡುವೆ ಉದ್ದನೆಯ ದಂಡವನ್ನು ಸೇರಿಸಿದೆಯೇ ಎಂದು ನೋಡಬೇಕು. ಅಂತಹ ದಂಡವು ಪೆಟ್ಟನ್ನು ನುಂಗಿಬಿಡುವುದು. ಕೈ ಸ್ಪ್ಯಾನರಿನ ಹೊಳಪಿನ ಸಾಕೆಟನ್ನು ಇದಕ್ಕೆ ಎಂದಿಗೂ ಹಾಕಲಾಗದು. ಅದು ಒಡೆದು ಕಣ್ಣಿಗೆ ಹಾರಬಹುದು.

ರೆಂಚಿನ ಚೊಕ್ಕಟತನವು ಎಷ್ಟಿದ್ದರೂ ಚಕ್ರದ ನಟ್ಟುಗಳ ಕೊನೆಯ ಬಿಗಿತವನ್ನು ಅದಕ್ಕೆ ಒಪ್ಪಿಸಬಾರದು. ಹಳೆಯ ರೆಂಚು ಒಂದು ನಟ್ಟನ್ನು ಸಡಿಲವಾಗಿಯೂ ಮತ್ತೊಂದನ್ನು ಸ್ಟಡ್ಡು ಮುರಿಯುವಷ್ಟೂ ಬಿಗಿಯುವುದು. ಮೊದಲ ಸುತ್ತುಗಳನ್ನು ಕೈಯಿಂದ ಹತ್ತಿಸಿ, ಎದುರುಬದುರಾಗಿ ಬಿಗಿಯುತ್ತಾ ಬಂದು, ತಯಾರಕರ ಪುಸ್ತಕದ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದ ಮುಗಿಸತಕ್ಕದ್ದು. ಕೆಲವು ಗಂಟೆ ಓಡಿಸಿದ ಮೇಲೆ ಮತ್ತೆ ಪರೀಕ್ಷಿಸತಕ್ಕದ್ದು. ತುಂಬಿದ ಕಬ್ಬಿನ ಟ್ರೈಲರಿನ ಚಕ್ರ ಕಳಚಿದರೆ ದಾರಿಹೋಕರಿಗೂ ಅಪಾಯ.

ಬ್ಲೇಡುಗಳನ್ನು ಬದಲಾಯಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಆದರೆ ಬಿಚ್ಚಿದಾಗ ಸಿಲಿಂಡರಿನ ಗೋಡೆಯಲ್ಲಾಗಲಿ ಅಂಚಿನ ತಟ್ಟೆಗಳಲ್ಲಾಗಲಿ ಬೆರಳಿಗೆ ತಾಕುವ ಗೀರುಗಳು ಕಂಡುಬಂದರೆ ಹೊಸ ಬ್ಲೇಡಿಗೆ ಹಣ ಹಾಕುವುದು ವ್ಯರ್ಥ. ಅಂತಹ ರೆಂಚಿನ ಬಿಡಿಭಾಗಗಳ ಬೆಲೆಯನ್ನು ಹೊಸದರ ಬೆಲೆಯೊಡನೆ ಹೋಲಿಸಿ, ಕಬ್ಬಿನ ಕಟಾವು ಆರಂಭವಾಗುವುದಕ್ಕೆ ಮುಂಚೆಯೇ ತೀರ್ಮಾನಿಸಿಕೊಳ್ಳತಕ್ಕದ್ದು.